ಗಾಜಿನ ಹಿಂದಿನ ಕರಡಿಗೆ

ಇದನ್ನು ಬರೆಯಬೇಕೋ ಬೇಡವೋ ಎಂದು ನಾಲ್ಕು ವರ್ಷ ಯೋಚಿಸಿದ್ದೇನೆ. ಬೇರೆ ಯಾರಾದರೂ ಬರೆದು ನನ್ನ ಕೈಗೆ ಕೊಟ್ಟಿದ್ದರೆ ಅರ್ಧಕ್ಕೇ ಮಡಚಿಟ್ಟು, ಇವರಿಗೆ ಮಾಡಲು ಬೇರೆ ಕೆಲಸವಿಲ್ಲ ಎಂದುಬಿಡುತ್ತಿದ್ದೆ. ನಾನು ಮಧುಗಿರಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕೆಲಸ ಮಾಡುತ್ತಿರುವವಳು. ಗಾಳಿ ಸೋಕಿದೆ, ದೃಷ್ಟಿ ತಗುಲಿದೆ ಎಂದು ಎಲ್ಲ ಕಡೆ ಸುತ್ತಿ, ತೋಳಿಗೆ ಎರಡು ತಾಯಿತ ಕಟ್ಟಿಸಿಕೊಂಡು ಕೊನೆಗೆ ನಮ್ಮ ಹತ್ತಿರ ಬರುವವರನ್ನು ದಿನಾ ನೋಡುತ್ತೇನೆ. ತಾಯಿತವನ್ನು ಆಚೆ ಸರಿಸಿ, ಸೂಜಿ ಚುಚ್ಚಿ, ರಕ್ತ ತೆಗೆದು ನೋಡಿದರೆ ಟೈಫಾಯ್ಡ್ ಇರುತ್ತದೆ. ಪಾವಗಡ ಕಡೆಯ ಅಜ್ಜಿಯೊಬ್ಬಳು ಮೊಮ್ಮಗಳಿಗೆ ದೆವ್ವ ಹಿಡಿದಿದೆ ಎಂದು ತೆಲುಗಿನಲ್ಲಿ ನನ್ನೆದುರು ಗೋಳಾಡಿದ್ದಳು. ರಿಪೋರ್ಟ್ ಬಂದಾಗ ಆ ಹುಡುಗಿಗೆ ರಕ್ತ ಕಡಿಮೆ ಇತ್ತು, ಅಷ್ಟೇ. ಅಂಥ ಕಥೆಗಳನ್ನು ಮನೆಗೆ ತಂದು ಗಂಡನಿಗೆ ಹೇಳಿ ನಗುವುದು ನನ್ನ ಸಂಜೆಯ ಕೆಲಸವಾಗಿತ್ತು.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ನಾನು ದೆವ್ವವನ್ನೂ ನೋಡಿಲ್ಲ, ಭೂತವನ್ನೂ ನೋಡಿಲ್ಲ. ನಿಜ ಹೇಳಬೇಕೆಂದರೆ ನೋಡಿದ್ದೇ ಏನೂ ಇಲ್ಲ. ಒಂದು ಸದ್ದನ್ನು ಕೇಳಿಸಿಕೊಂಡೆ. ಅದೂ ಹಾಡಹಗಲಲ್ಲಿ, ಬೆಳಿಗ್ಗೆ ಹತ್ತೂವರೆಗೆ, ಒಂದು ಬೆಟ್ಟದ ಊರಿನ ಪುಟ್ಟ ಮ್ಯೂಸಿಯಂನಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ನಮಗೆ ಉಪಕಾರ ಮಾಡಿದ ಮನುಷ್ಯರೊಬ್ಬರ ಕೆಲಸಕ್ಕೆ ಕುತ್ತು ಬರುವುದು ನನಗೆ ಬೇಡ.

ಮ್ಯೂಸಿಯಂ, ಚಿತ್ರಶಾಲೆ ಅಂದರೆ ನನಗೆ ಮೊದಲಿಂದಲೂ ಹುಚ್ಚು. ನಮ್ಮೂರಿಗೆ ಬರುವವರೆಲ್ಲ ಬೆಟ್ಟ ಹತ್ತುತ್ತಾರೆ, ಇಳಿಯುತ್ತಾರೆ, ಮಂಡಿ ಹಿಡಿದುಕೊಂಡು ಬಸ್ಸು ಹತ್ತುತ್ತಾರೆ. ಸೂರಿನ ಕೆಳಗೆ ತಣ್ಣಗೆ ನಿಂತು, ಒಂದು ಚಿತ್ರವನ್ನೋ ಹಳೆಯ ಸಾಮಾನನ್ನೋ ಕಣ್ತುಂಬ ನೋಡುವಂಥ ಜಾಗ ನಮ್ಮಲ್ಲಿಲ್ಲ. ಹಾಗಾಗಿ ಎಲ್ಲಿಗೆ ಹೋದರೂ ನಾನು ಮೊದಲು ಕೇಳುವುದು ಮ್ಯೂಸಿಯಂ ಎಲ್ಲಿದೆ ಎಂದು. ಆ ಬೆಟ್ಟದ ಊರಿನಲ್ಲಿ ಅಂಥವು ನಾಲ್ಕೈದು ಇವೆ ಎಂದು ಯಾರೋ ಹೇಳಿದ ದಿನದಿಂದ ಅಲ್ಲಿಗೆ ಹೋಗಬೇಕೆಂದು ಕೂತಿದ್ದೆ. ಅಡ್ಡಿಯಾಗಿದ್ದವಳು ಅಮ್ಮ.

ಅಮ್ಮ ನನ್ನ ಜೊತೆಗೇ ಇದ್ದಾಳೆ. ಆಗ ಅವಳಿಗೆ ಎಪ್ಪತ್ತು ದಾಟಿತ್ತು. ಸಕ್ಕರೆ ಕಾಯಿಲೆ ಇದೆ, ಎರಡು ಕಿವಿಯೂ ಮಂದ. ಕಿವಿಗೆ ಹಾಕುವ ಮಿಷನ್ ತಂದುಕೊಟ್ಟರೆ, ಅದು ಒಳಗೆ ಕುಂತು ಗುಯ್‌ಗುಡುತ್ತೆ ಎಂದು ಹೇಳಿ ದೇವರ ಗೂಡಿನಲ್ಲಿಟ್ಟು ಅದಕ್ಕೂ ವಿಭೂತಿ ಹಚ್ಚಿದ್ದಾಳೆ. ಅವಳನ್ನು ಒಬ್ಬಳನ್ನೇ ಬಿಟ್ಟು ನಾನು ಎಲ್ಲಿಗೂ ಹೋಗುವುದಿಲ್ಲ. ಗೊರವನಹಳ್ಳಿಯ ದೇವಸ್ಥಾನಕ್ಕೆ ಕರೆದರೆ ನನಗಿಂತ ಮೊದಲು ಸೀರೆ ಉಟ್ಟು ನಿಲ್ಲುವವಳು, ಆ ಬೆಟ್ಟದ ಊರಿನ ಹೆಸರೆತ್ತಿದರೆ ಮಾತ್ರ ಎದ್ದು ಒಳಗೆ ಹೋಗುತ್ತಿದ್ದಳು. ಕಾರಣ ನನಗೆ ಗೊತ್ತಿತ್ತು. ಅವಳ ಅಪ್ಪ, ನನ್ನ ತಾತ, ತೀರಿಕೊಂಡದ್ದು ಆ ಊರಿನಲ್ಲಿ.

ತಾತ ಶಿರಾ ಕಡೆಯ ಕಂಬಳಿಗಳನ್ನು ಕೊಂಡು ಚಳಿಯ ಊರುಗಳಿಗೆ ಒಯ್ದು ಮಾರುತ್ತಿದ್ದರಂತೆ. ಶಿರಾದ ಖಾದರ್ ಸಾಬರು ಎಂಬುವರು ಅವರ ಜೊತೆಗಾರರು. ವರ್ಷಕ್ಕೆ ಎರಡು ಸಲ ಇಬ್ಬರೂ ಮೂಟೆ ಕಟ್ಟಿಕೊಂಡು ಹೋಗಿಬರುತ್ತಿದ್ದರು. ಅಮ್ಮನಿಗೆ ಹನ್ನೊಂದು ವರ್ಷವಿದ್ದಾಗ ಖಾದರ್ ಸಾಬರು ಒಬ್ಬರೇ ವಾಪಸು ಬಂದರು. ಇಬ್ಬರಿಗೂ ಜ್ವರ ಬಂದಿತ್ತು, ಇಬ್ಬರೂ ಆಸ್ಪತ್ರೆ ಸೇರಿದ್ದರು, ಸಾಬರಿಗೆ ಎಚ್ಚರ ಬರುವ ಹೊತ್ತಿಗೆ ತಾತನನ್ನು ಅಲ್ಲಿಯವರೇ ಮಣ್ಣು ಮಾಡಿಬಿಟ್ಟಿದ್ದರು.

ನಮ್ಮ ಪದ್ಧತಿ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಕೊರಳಿಗೆ ಕಟ್ಟಿದ ಇಷ್ಟಲಿಂಗ ಕೊನೆಯವರೆಗೂ ಮೈಮೇಲೆ ಇರಬೇಕು. ಬೆಳಿಗ್ಗೆ ಅದನ್ನು ಅಂಗೈಯಲ್ಲಿಟ್ಟು, ನೀರು ಕಾಣಿಸಿ ಪೂಜೆ ಮಾಡದೆ ಅನ್ನ ಮುಟ್ಟುವಂತಿಲ್ಲ. ಅದನ್ನು ಇಟ್ಟುಕೊಳ್ಳುವ ಬೆಳ್ಳಿಯ ಪುಟ್ಟ ಡಬ್ಬಿಗೆ ಕರಡಿಗೆ ಅನ್ನುತ್ತೇವೆ. ಸತ್ತವರನ್ನು ಕೂರಿಸಿ, ಎಡಗೈಯಲ್ಲಿ ಅವರ ಲಿಂಗವನ್ನಿಟ್ಟು ಮಣ್ಣು ಮಾಡುತ್ತೇವೆ. ಹಾಗೆ ಆಗದಿದ್ದರೆ ಆ ಜೀವ ಬರಿಗೈಯಲ್ಲಿ ಹೋಯಿತು ಎಂದು ಮನೆಯವರು ಸಾಯುವವರೆಗೂ ಕೊರಗುತ್ತಾರೆ. ಅಜ್ಜಿ ಖಾದರ್ ಸಾಬರನ್ನು ಕೇಳಿದ್ದು ಒಂದೇ ಮಾತು, ಕರಡಿಗೆ ಇತ್ತಾ ಎಂದು. ಇಲ್ಲ ಅಮ್ಮ, ಆಸ್ಪತ್ರೆಯಲ್ಲಿ ಕೊನೆಗೆ ನೋಡಿದಾಗ ಕೊರಳಲ್ಲಿ ಕರಡಿಗೆ ಇರಲಿಲ್ಲ ಎಂದು ಆ ಮನುಷ್ಯ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕರಡಿಗೆ ಇಲ್ಲ ಅಂದರೆ ಲಿಂಗವೂ ಇಲ್ಲ ಎಂದು ಎಲ್ಲರೂ ತಿಳಿದುಕೊಂಡರು.

ಅಮ್ಮ ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದಳು. ಊಟಕ್ಕೆ ಕೂರುವ ಮುಂಚೆ ಒಂದು ಲೋಟ ನೀರನ್ನು ದೇವರ ಗೂಡಿನ ಕೆಳಗಿಡುತ್ತಿದ್ದಳು. ಅಪ್ಪಯ್ಯನ ಲಿಂಗ ಎಲ್ಲಿ ನೀರಿಲ್ಲದೆ ಬಿದ್ದಿದೆಯೋ ಅದಕ್ಕೆ. ಚಿಕ್ಕವಳಿದ್ದಾಗ ನಾನು ಆ ನೀರು ಕುಡಿದು ಏಟು ತಿಂದಿದ್ದೇನೆ. ದೊಡ್ಡವಳಾದ ಮೇಲೆ, ಅರವತ್ತು ವರ್ಷದ ಹಿಂದಿನ ಮಾತು, ಇನ್ನೂ ಯಾಕೆ ಇದೆಲ್ಲ ಎಂದು ರೇಗಿದ್ದೇನೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಹೇಗೋ ಆ ವರ್ಷ ಒಪ್ಪಿಸಿದೆ. ನನ್ನ ಗಂಡ ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡುತ್ತಾರೆ, ಅವರಿಗೆ ರಜೆ ಸಿಗಲಿಲ್ಲ. ಆ ಪಾರ್ಕಿಗೆ ಜನರನ್ನು ಕರೆದೊಯ್ಯುವ ಬಾಡಿಗೆ ಕಾರಿನ ರಿಯಾಜ್ ನಮ್ಮ ಜೊತೆ ಬಂದರು. ಶಿರಾದವರು, ನನಗಿಂತ ನಾಲ್ಕು ವರ್ಷ ಚಿಕ್ಕವರು, ಅಮ್ಮನ ಎಡಗಿವಿಗೆ ಯಾವ ಮಟ್ಟದಲ್ಲಿ ಕೂಗಬೇಕು ಎಂದು ಬಲ್ಲ ಏಕೈಕ ಹೊರಗಿನವರು. ಅಮ್ಮನಿಗೆ ನನ್ನ ಮಾತಿಗಿಂತ ರಿಯಾಜ್ ಮಾತಿನ ಮೇಲೆ ನಂಬಿಕೆ ಜಾಸ್ತಿ.

ಮೊದಲ ದಿನ ಚೆನ್ನಾಗಿಯೇ ಕಳೆಯಿತು. ಹಳೆಯ ಬಂಗಲೆಯೊಂದರಲ್ಲಿದ್ದ ಚಿತ್ರಶಾಲೆಯಲ್ಲಿ ಮಂಜಿನ ಬೆಟ್ಟಗಳ ಜಲವರ್ಣ ಚಿತ್ರಗಳ ಮುಂದೆ ನಾನು ಮೈಮರೆತು ನಿಂತೆ. ಅಮ್ಮ ಒಂದು ಸುತ್ತು ಹಾಕಿ ಬಂದು, "ಎಲ್ಲಾ ಒಂದೇ ತರ ಅವೆ, ಬಣ್ಣ ಸಾಲ್ದೆ ನೀರು ಹುಯ್ದವ್ರೆ" ಎಂದು ಇಡೀ ಹಾಲಿಗೆ ಕೇಳುವಂತೆ ಹೇಳಿದಳು. ಕಿವಿ ಮಂದವಿದ್ದವರಿಗೆ ಪಿಸುಮಾತು ಬರುವುದಿಲ್ಲ. ಚಹಾದ ಮ್ಯೂಸಿಯಂನಲ್ಲಿ ಎಲೆ ಒಣಗಿಸುವ ಯಂತ್ರವನ್ನು ನೋಡಿ ಅಕ್ಕಿ ಗಿರಣಿಯೇ ವಾಸಿ ಎಂದಳು. ಸೂಜಿ ಚುಚ್ಚಿಟ್ಟ ಚಿಟ್ಟೆಗಳ ಕೋಣೆಯಲ್ಲಿ ಮಾತ್ರ ನಿಲ್ಲಲು ಒಪ್ಪಲಿಲ್ಲ. ನಾನು ಒಳಗೊಳಗೇ ನಗುತ್ತಾ ಸುತ್ತಿದೆ. ತಾತನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎರಡನೇ ದಿನ ಬೆಳಿಗ್ಗೆ ತಪ್ಪು ಮಾಡಿದವಳು ನಾನೇ. ಲಾಡ್ಜಿನ ತಿಂಡಿಯ ಕೋಣೆಯಲ್ಲಿ ಮೊಟ್ಟೆಯ ವಾಸನೆ ಎಂದು ಅಮ್ಮ ಬಾಗಿಲಲ್ಲೇ ನಿಂತಳು. ಆಗಲೇ ಅವಳಿಗೆ ಸಕ್ಕರೆಯ ಮಾತ್ರೆ ಕೊಟ್ಟಾಗಿತ್ತು. ಹೊರಗೆ ಇಡ್ಲಿ ತಿನ್ನಿಸುತ್ತೇನೆ ಎಂದು ಕರೆದುಕೊಂಡು ಹೊರಟರೆ, ನಮ್ಮಂಥವರು ತಿನ್ನುವ ಹೋಟೆಲು ಹತ್ತೂವರೆಗೆ ತೆಗೆಯುತ್ತದೆ ಎಂದರು. ಪಕ್ಕದಲ್ಲೇ ಒಂದು ಮನೆಯ ಮುಂದೆ ಹಳೆಯ ವಸ್ತುಗಳ ಸಂಗ್ರಹಾಲಯ ಎಂಬ ಬೋರ್ಡು ಕಂಡಿತು. ಅರ್ಧ ಗಂಟೆ ನೋಡಿಕೊಂಡು ಬಂದುಬಿಡೋಣ ಎಂದೆ. ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಡಬೇಡಿ ಎಂದು ಲ್ಯಾಬಿನಲ್ಲಿ ದಿನಾ ಹತ್ತು ಜನಕ್ಕೆ ಹೇಳುವ ನಾನು, ನನ್ನ ಹುಚ್ಚಿನಲ್ಲಿ ಅಮ್ಮನ ಹೊಟ್ಟೆಯನ್ನು ಮರೆತೆ.

ಅದು ಯಾರದೋ ಸ್ವಂತದ ಸಂಗ್ರಹ. ಮಾಲೀಕರು ಬೇರೆ ಊರಿನಲ್ಲಿರುತ್ತಾರಂತೆ. ನೋಡಿಕೊಳ್ಳಲು ಸ್ವೆಟರು, ಮಫ್ಲರು ಹಾಕಿಕೊಂಡ, ಅರವತ್ತರ ಹತ್ತಿರದ ಒಬ್ಬರು ಇದ್ದರು. ತುಂಬ ಮೆದು ಮಾತಿನವರು. ನಾವು ಮೂವರೇ ಜನ. ಒರಳು, ಸೇರು, ಲಾಂದ್ರ, ಹಳೆಯ ಬೀಗಗಳು ಇದ್ದವು. ಅಮ್ಮ ಒಂದೊಂದರ ಮುಂದೂ ನಿಂತು, ನಮ್ಮ ಅಟ್ಟದ ಮೇಲೆ ಇದಕ್ಕಿಂತ ದೊಡ್ಡದು ಐತೆ, ಅದನ್ನ ಯಾರೂ ಗಾಜಿನೊಳಗೆ ಇಟ್ಟಿಲ್ಲ ಎನ್ನುತ್ತಾ ಬಂದಳು. ಕೊನೆಯ ಕೋಣೆಯಲ್ಲಿ ಬೆಳ್ಳಿಯ ಸಾಮಾನಿನ ಒಂದು ಗಾಜಿನ ಪೆಟ್ಟಿಗೆ ಇತ್ತು. ಕುಂಕುಮದ ಬಟ್ಟಲು, ಕಾಲುಗೆಜ್ಜೆ, ಅವುಗಳ ನಡುವೆ ಒಂದು ಕರಡಿಗೆ. ಅದರ ಮುಂದಿನ ಚೀಟಿಯಲ್ಲಿ 'ನಶ್ಯದ ಡಬ್ಬಿ' ಎಂದು ಬರೆದಿತ್ತು. ನಾನು ನಗುತ್ತಾ ಅಮ್ಮನ ಕಡೆ ತಿರುಗಿದೆ. ಅವಳು ನಗುತ್ತಿರಲಿಲ್ಲ. ಎರಡು ಕೈಯನ್ನೂ ಗಾಜಿಗೆ ಊರಿ ನಿಂತಿದ್ದಳು.

"ಇದು ಅಪ್ಪಯ್ಯಂದು ಕಣೆ" ಎಂದಳು.

ಆಮೇಲೆ ಅವಳು ಹೇಳಿದ್ದು ಇಷ್ಟು. ಏಳೆಂಟು ವರ್ಷದವಳಿದ್ದಾಗ ಅಪ್ಪನ ಕರಡಿಗೆಯನ್ನು ಎತ್ತಿಕೊಡಲು ಹೋಗಿ ಬೀಳಿಸಿದ್ದಳಂತೆ. ಮುಚ್ಚಳದ ಕೀಲು ಮುರಿಯಿತು. ಲಿಂಗ ನೆಲಕ್ಕೆ ಬಿತ್ತೆಂದು ಅಯ್ನೋರು ಬಂದು ಶುದ್ಧಿ ಮಾಡುವ ತನಕ, ಸಂಜೆಯವರೆಗೂ ಆ ಮನುಷ್ಯ ಹನಿ ನೀರು ಕುಡಿಯಲಿಲ್ಲ. ಮಧುಗಿರಿಯ ಅಕ್ಕಸಾಲಿಗರು ಮಾರನೇ ದಿನ ಕೀಲು ಕೂರಿಸಿಕೊಟ್ಟರು. ಬೆಳ್ಳಿಯ ಮೊಳೆ ಆ ಹೊತ್ತಿಗೆ ಇರಲಿಲ್ಲವೆಂದು ತಾಮ್ರದ ಮೊಳೆ ಹಾಕಿದರು. ನಾನು ಬಗ್ಗಿ ನೋಡಿದೆ. ಮುಚ್ಚಳದ ಬದಿಯಲ್ಲಿ ಒಂದು ಕೆಂಪು ಚುಕ್ಕೆ ಇದ್ದದ್ದು ನಿಜ. ಆದರೆ ತಾಮ್ರದ ಮೊಳೆ ಲೋಕದಲ್ಲಿ ಒಂದೇ ಕರಡಿಗೆಗೆ ಹಾಕಿರಬೇಕೇ? ಅದನ್ನೇ ಅವಳ ಕಿವಿಗೆ ಕೂಗಿ ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ. ಸೆರಗು ಸರಿಮಾಡಿಕೊಂಡು ಆ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕುಳಿತುಬಿಟ್ಟಳು.

"ಒಳಗೆ ಲಿಂಗ ಐತೆ. ಅರವತ್ತು ವರ್ಷ ನೀರಿಲ್ದೆ ಕುಂತೈತೆ. ಅದಕ್ಕೆ ನೀರು ಕಾಣಿಸ್ದೆ ನಾನೆಂಗೆ ಬಾಯಿಗೆ ನೀರು ಹಾಕ್ಕಳ್ಳಿ?"

ಮ್ಯೂಸಿಯಂನವರು ಓಡಿ ಬಂದರು. ಯಾವುದೋ ಹಳೆಯ ಬೆಳ್ಳಿ ಅಂಗಡಿ ಮುಚ್ಚಿದಾಗ ಮಾಲೀಕರು ಒಟ್ಟಿಗೆ ಕೊಂಡ ಸಾಮಾನು ಇದು, ಯಾರದೆಂದು ತಿಳಿಯದು ಎಂದರು. "ಅದು ಖಾಲಿ ಮೇಡಂ. ಮುಚ್ಚಳ ತೆಗೆಯೋಕೆ ಇವತ್ತಿನವರೆಗೂ ಯಾರಿಗೂ ಆಗಿಲ್ಲ. ಆದರೆ ಒರೆಸುವಾಗೆಲ್ಲ ನಾನು ಅಲ್ಲಾಡಿಸಿ ನೋಡಿದ್ದೀನಿ. ಒಳಗೆ ಏನೂ ಇಲ್ಲ." ಇದನ್ನು ರಿಯಾಜ್ ಅಮ್ಮನ ಎಡಗಿವಿಗೆ ಕೂಗಿದರು. ಅಮ್ಮ ತಲೆ ಅಲ್ಲಾಡಿಸಿದಳು. ಮೊದಲ ಸಲ ರಿಯಾಜ್ ಮಾತನ್ನೂ ನಂಬಲಿಲ್ಲ.

ಕಾಲು ಗಂಟೆ ಹೀಗೇ ಹೋಯಿತು. ಮಾಲೀಕರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಅವರ ಮಾತಿಲ್ಲದೆ ಗಾಜು ತೆಗೆಯುವಂತಿಲ್ಲ ಎಂದು ಆತ ಕೈ ಮುಗಿದರು. ನಾನು ಅಮ್ಮನ ಮೇಲೆ ರೇಗಿದೆ, ಬೇಡಿಕೊಂಡೆ, ಮತ್ತೆ ರೇಗಿದೆ. ಅಷ್ಟರಲ್ಲಿ ಅವಳ ಹಣೆಯ ಮೇಲೆ ಬೆವರು ಕಾಣಿಸಿತು. ಆ ಚಳಿಯಲ್ಲಿ ಬೆವರು. ಕೈ ಮುಟ್ಟಿದರೆ ತಣ್ಣಗಿತ್ತು, ಬೆರಳು ನಡುಗುತ್ತಿದ್ದವು. ಬ್ಯಾಗಿನಲ್ಲಿದ್ದ ಸಕ್ಕರೆ ನೋಡುವ ಮಿಷನ್ ತೆಗೆದು ಬೆರಳು ಚುಚ್ಚಿ ನೋಡಿದೆ. ಸಕ್ಕರೆ ತುಂಬ ಇಳಿದಿತ್ತು. ಬಾಯಿಗೆ ಸಕ್ಕರೆ ಹಾಕಲು ಹೋದರೆ ಹಲ್ಲು ಕಚ್ಚಿ ಹಿಡಿದಳು. ಎಷ್ಟೋ ಜನರಿಗೆ ಹೀಗಾದದ್ದನ್ನು ನೋಡಿದವಳು ನಾನು, ಮುಂದೆ ಏನಾಗುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು. ನನ್ನ ತಾಯಿ ಎಚ್ಚರ ತಪ್ಪಿ ನನ್ನ ಕಣ್ಣೆದುರೇ ಹೋಗಿಬಿಡುತ್ತಾಳೆ, ಅದೂ ಅವಳಪ್ಪ ಹೋದ ಊರಿನಲ್ಲೇ, ಅದೂ ನನ್ನ ತಪ್ಪಿನಿಂದ ಎಂದು ಭಯವಾಯಿತು. ನಾನು ಜೋರಾಗಿ ಅತ್ತುಬಿಟ್ಟೆ.

ಮ್ಯೂಸಿಯಂನವರು ಅಮ್ಮನನ್ನೇ ನೋಡಿದರು. ಆಮೇಲೆ ಸೊಂಟದ ಬೀಗದ ಕೈ ಗೊಂಚಲಿನಿಂದ ಒಂದನ್ನು ಹುಡುಕಿ ಪೆಟ್ಟಿಗೆ ತೆಗೆದರು. ಕರಡಿಗೆಯನ್ನು ಎತ್ತಿ ನನ್ನ ಕೈಗೆ ಕೊಟ್ಟರು.

ಇನ್ನು ಮುಂದಿನದನ್ನು ಒಂದಕ್ಷರ ಹೆಚ್ಚು ಕಡಿಮೆ ಮಾಡದೆ ಬರೆಯುತ್ತೇನೆ.

ಕೈಗೆ ಬಂದಾಗಲೇ ಅದು ಭಾರವಿತ್ತು. ಬರೀ ಬೆಳ್ಳಿಯ ಭಾರವಲ್ಲ ಅನ್ನಿಸಿತು. ಖಾಲಿ ಎಂದು ಅಮ್ಮನಿಗೆ ತೋರಿಸಲೆಂದೇ ನಾನು ಅದನ್ನು ಅಲ್ಲಾಡಿಸಿದೆ. ಒಳಗೆ ಏನೋ ಉರುಳಿ ಬದಿಗೆ ತಾಗಿ ಟಕ್ ಎಂದಿತು. ನನ್ನ ಅಂಗೈಗೂ ಅದು ತಾಗಿದ್ದು ತಿಳಿಯಿತು. ನಾನು ನಿಂತುಬಿಟ್ಟೆ. ಮ್ಯೂಸಿಯಂನವರು ಒಂದು ಹೆಜ್ಜೆ ಹಿಂದೆ ಸರಿದರು. ಅವರ ಮುಖದಲ್ಲಿ ಬಣ್ಣವೇ ಇರಲಿಲ್ಲ. ಇನ್ನೊಮ್ಮೆ ಅಲ್ಲಾಡಿಸಿದೆ. ಟಕ್. ರಿಯಾಜ್ ಬಾಯಿಯಲ್ಲಿ ಅಲ್ಲಾನ ಹೆಸರು ಬಂತು. ಅಮ್ಮ ಪ್ರತಿದಿನ ಪೂಜೆಗೆ ತನ್ನ ಕರಡಿಗೆ ತೆಗೆಯುವಾಗ ಒಳಗೆ ಲಿಂಗ ತಾಗುವ ಸದ್ದು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಇದು ಅದೇ ಸದ್ದು, ಅನುಮಾನವೇ ಇಲ್ಲ.

ಅಮ್ಮನಿಗೆ ಕೇಳಿಸಲಿಲ್ಲ. ಅವಳು ಎರಡು ಕೈ ಚಾಚಿ ಕೂತಿದ್ದಳು. ನಾನು ಕರಡಿಗೆಯನ್ನು ಅವಳ ಅಂಗೈಯಲ್ಲಿಟ್ಟೆ. ಅವಳು ಹೆಬ್ಬೆರಳಿನ ಉಗುರಿನಿಂದ ತಾಮ್ರದ ಮೊಳೆಯನ್ನು ಒಳಕ್ಕೆ ಒತ್ತಿ, ಮುಚ್ಚಳವನ್ನು ಎಡಕ್ಕೆ ಸರಿಸಿದಳು. ಯಾರಿಂದಲೂ ತೆಗೆಯಲಾಗದ ಮುಚ್ಚಳ ಸಲೀಸಾಗಿ ತೆರೆದುಕೊಂಡಿತು.

ಒಳಗೆ ಏನೂ ಇರಲಿಲ್ಲ. ತಳದಲ್ಲಿ ಒಣಗಿದ ವಿಭೂತಿ ಇತ್ತು, ಅದರ ನಡುವೆ ಲಿಂಗ ಕೂತಿದ್ದ ಗುಂಡನೆಯ ಗುರುತು ಇತ್ತು, ಅಷ್ಟೇ. ಮ್ಯೂಸಿಯಂನವರು ತಮ್ಮ ಬಿಳಿ ಕರವಸ್ತ್ರ ಹಾಸಿ ಅದರ ಮೇಲೆ ಬೋರಲು ಹಾಕಿ ನೋಡಿದರು. ಒಂದು ಚಿಟಿಕೆ ಬೂದಿ ಉದುರಿತು.

ಅಮ್ಮ ಕುಸಿಯುತ್ತಾಳೆ ಎಂದು ನಾನು ಅವಳ ಬೆನ್ನಿಗೆ ಕೈ ಕೊಟ್ಟೆ. ಅವಳು ಆ ಖಾಲಿ ಡಬ್ಬಿಯನ್ನು ನೋಡುತ್ತಾ ನೋಡುತ್ತಾ ನಗತೊಡಗಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಅಪ್ಪಯ್ಯನೇ ತೆಗ್ದವ್ರೆ ಕಣೆ. ಈ ಮೊಳೆ ಒತ್ತೋದು ಈ ಊರಾಗೆ ಇನ್ಯಾರಿಗೆ ಗೊತ್ತಿತ್ತು? ಅಪ್ಪಯ್ಯಂಗೆ, ಅವ್ವಂಗೆ, ನಂಗೆ, ಮೂರೇ ಜನಕ್ಕೆ. ಹೋಗ್ತೀನಿ ಅಂತ ತಿಳ್ಕಂಡು ತೆಗ್ದು ಕೈಯಾಗೆ ಇಟ್ಕಂಡವ್ರೆ. ಬರೀ ಡಬ್ಬಿ ಇಲ್ಲುಳ್ಕಂಡೈತೆ. ನಾವೇ ತಪ್ಪು ತಿಳ್ಕಂಡ್ವಿ."

ಅವಳು ಹೇಳುವುದರಲ್ಲಿ ಎಷ್ಟು ನೇರ ಲೆಕ್ಕವಿತ್ತು! ಅರವತ್ತು ವರ್ಷ ಮನೆಮಂದಿಯೆಲ್ಲ ಕರಡಿಗೆ ಹೋಯಿತು ಎಂದು ಅತ್ತಿದ್ದರು. ಸತ್ತವರ ಜೊತೆ ಹೋಗಬೇಕಾದದ್ದು ಕರಡಿಗೆಯಲ್ಲ, ಅದು ಎಲ್ಲಿ ಹೋದರೇನು? ಕೈಯೊಳಗೆ ಇರಬೇಕಾದದ್ದು ಲಿಂಗ. ಕದ್ದವನೋ ಮಾರಿದವನೋ ತೆಗೆಯಲು ಬಾರದ ಡಬ್ಬಿ ಖಾಲಿಯಿದೆ ಅಂದರೆ, ತೆಗೆಯಲು ಬಲ್ಲವರು ಮೊದಲೇ ತೆಗೆದಿದ್ದಾರೆ.

ಅವಳು ಆ ಬೂದಿಯನ್ನು ಬೆರಳಿನಿಂದ ತೆಗೆದು ಹಣೆಗೆ ಹಚ್ಚಿಕೊಂಡಳು, ನನಗೂ ಹಚ್ಚಿದಳು. ಆಮೇಲೆ, "ಈಗ ನೀರು ಕೊಡು" ಎಂದಳು. ಮ್ಯೂಸಿಯಂನವರ ಫ್ಲಾಸ್ಕಿನಲ್ಲಿದ್ದ ಕಾಫಿಗೆ ನಾಲ್ಕು ಚಮಚ ಸಕ್ಕರೆ ಹಾಕಿ ಕುಡಿಸಿದೆ. ಅವರು ಮಧ್ಯಾಹ್ನಕ್ಕೆ ತಂದಿದ್ದ ಚಿತ್ರಾನ್ನದ ಡಬ್ಬಿಯನ್ನೂ ಮುಂದಿಟ್ಟರು. ಹೊರಗಿನ ಊಟ ಅಂದರೆ ನೂರು ಪ್ರಶ್ನೆ ಕೇಳುವ ಅಮ್ಮ ಯಾರ ಮನೆಯದು ಎಂದೂ ಕೇಳದೆ ಬಳಿದು ಉಂಡಳು. ನಾನು ಗೋಡೆಗೊರಗಿ ಕೂತು ಅವಳು ಉಣ್ಣುವುದನ್ನೇ ನೋಡಿದೆ. ಜೀವನದಲ್ಲಿ ಯಾವ ಚಿತ್ರಶಾಲೆಯಲ್ಲೂ ಅಷ್ಟು ಸಮಾಧಾನದಿಂದ ಏನನ್ನೂ ನೋಡಿಲ್ಲ.

ಕರಡಿಗೆಯನ್ನು ಕೊಡಿಸಿ ಎಂದು ನಾನು ಕೇಳಹೊರಟಾಗ ಅಮ್ಮನೇ ಬೇಡವೆಂದಳು. ಲಿಂಗವಿಲ್ಲದ ಬೆಳ್ಳಿ ತಗೊಂಡು ಏನು ಮಾಡಲಿ ಎಂದು ತಾನೇ ಮುಚ್ಚಳ ಮುಚ್ಚಿ ಅವರ ಕೈಗಿಟ್ಟಳು. ಅವರು ಅದನ್ನು ಒಳಗಿಡುವ ಮುಂಚೆ, ಅಮ್ಮ ಆಚೆ ತಿರುಗಿದ್ದಾಗ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ. ನನ್ನ ಕೈಗೆ ಕೊಟ್ಟರು. ನಾನೂ ಅಲ್ಲಾಡಿಸಿದೆ, ರಿಯಾಜ್ ಕೂಡ ಮುಟ್ಟಬಹುದೋ ಎಂದು ನನ್ನ ಮುಖ ನೋಡಿ, ತೆಗೆದುಕೊಂಡು ಅಲ್ಲಾಡಿಸಿದರು. ಏನೂ ಇಲ್ಲ. ಭಾರವೂ ಇರಲಿಲ್ಲ. ಮ್ಯೂಸಿಯಂನವರು ಅದನ್ನು ಒಳಗಿಟ್ಟು ಬೀಗ ಹಾಕಿದರು.

ಬೆಟ್ಟ ಇಳಿಯುವಾಗ ಅಮ್ಮ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ಮಲಗಿದ್ದಳು. ರಿಯಾಜ್ ಮೆಲ್ಲಗೆ ಮಾತಾಡಿದರು. "ಅಕ್ಕಾ, ನಂಗೂ ಕೇಳಿಸ್ತು, ನಿಮಗೂ ಕೇಳಿಸ್ತು, ಆ ಸಾಹೇಬ್ರಿಗೂ ಕೇಳಿಸ್ತು. ಅಮ್ಮಂಗೊಂದೇ ಕೇಳಿಸ್ಲಿಲ್ಲ. ಮೇಲಿರೋನ ಮೆಹರ್ಬಾನಿ ಅಂದ್ಕಳಿ, ಬುಡಿ." ನಾನು ಹೂಂ ಎಂದೆ. ಅಮ್ಮನಿಗೆ ಹೇಳಬಾರದು ಎಂದು ನಾವು ಮಾತಿನಲ್ಲಿ ಗೊತ್ತುಮಾಡಿಕೊಳ್ಳಲಿಲ್ಲ, ಆದರೆ ಅಲ್ಲಿಗೇ ಅದು ಗೊತ್ತಾದ ಹಾಗಾಯಿತು.

ಯಾಕೆ ಎಂದು ನಿಮಗೆ ತಿಳಿದಿರಬೇಕು. ಅವಳ ಸಮಾಧಾನವೆಲ್ಲ ನಿಂತಿರುವುದು ಆ ಡಬ್ಬಿ ಖಾಲಿ ಇತ್ತು ಎನ್ನುವುದರ ಮೇಲೆ. ಒಳಗೆ ಏನೋ ಇತ್ತು ಎಂದು ನಾನು ಬಾಯಿಬಿಟ್ಟರೆ ಆ ಲೆಕ್ಕ ತಲೆಕೆಳಗಾಗುತ್ತದೆ. ಇದ್ದದ್ದು ಎಲ್ಲಿ ಹೋಯಿತು, ಯಾರು ಕೊಂಡೊಯ್ದರು, ಈಗ ಎಲ್ಲಿ ನೀರಿಲ್ಲದೆ ಕೂತಿದೆ ಎಂದು ಅವಳು ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ. ನಮ್ಮ ಮನೆಯಲ್ಲಿ ಈಗ ದೇವರ ಗೂಡಿನ ಕೆಳಗೆ ನೀರಿನ ಲೋಟ ಇಡುವುದಿಲ್ಲ. ಅವಳು ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ. ಸಕ್ಕರೆ ಹಿಡಿತದಲ್ಲಿದೆ. ಕೊರಟಗೆರೆಯಲ್ಲಿರುವ ಚಿಕ್ಕಮ್ಮ ಬಂದಾಗಲೆಲ್ಲ ಅಪ್ಪಯ್ಯ ಕೈತುಂಬ ಹೋದರು ಎಂದು ಹೇಳಿ ಇಬ್ಬರೂ ಖುಷಿಯಾಗಿ ಅಳುತ್ತಾರೆ.

ನಾನು ಮಾತ್ರ ಆ ಸದ್ದನ್ನು ಎಲ್ಲ ಕಡೆಯಿಂದ ಯೋಚಿಸಿ ಸೋತಿದ್ದೇನೆ. ಗಟ್ಟಿಯಾದ ವಿಭೂತಿಯ ಉಂಡೆ ಉರುಳಿರಬಹುದು, ತೆಗೆಯುವಾಗ ಪುಡಿಯಾಗಿರಬಹುದು ಎಂದುಕೊಂಡೆ. ಮನೆಯಲ್ಲಿ ಚಿಕ್ಕ ಡಬ್ಬಿಗೆ ವಿಭೂತಿ ಗಟ್ಟಿ ಹಾಕಿ ಅಲ್ಲಾಡಿಸಿಯೂ ನೋಡಿದೆ. ಅದರ ಸದ್ದೇ ಬೇರೆ. ಕೀಲು ಸಡಿಲವಿತ್ತೇನೋ ಎಂದರೆ, ಆಮೇಲೆ ಅದೇ ಕೀಲು ಯಾಕೆ ಸುಮ್ಮನಾಯಿತು? ಭಯದಲ್ಲಿ ನನ್ನ ಕಿವಿಗೇ ಹಾಗೆ ಕೇಳಿಸಿತು ಎನ್ನಲು ಇನ್ನಿಬ್ಬರು ಇದ್ದಾರೆ. ಆರು ತಿಂಗಳ ಹಿಂದೆ ಮ್ಯೂಸಿಯಂನವರಿಗೆ ಫೋನ್ ಮಾಡಿದ್ದೆ. ಈಗಲೂ ಒರೆಸುವಾಗೆಲ್ಲ ಅಲ್ಲಾಡಿಸಿ ನೋಡುತ್ತೇನೆ ಮೇಡಂ, ಏನೂ ಇಲ್ಲ ಎಂದರು. ಅವರ ದನಿಯಲ್ಲಿ ಸ್ವಲ್ಪ ಬೇಸರವಿತ್ತು ಅನ್ನಿಸಿತು. ಒಂದು ವಿಷಯ ಮಾತ್ರ ನನಗೆ ಗೊತ್ತು. ಆ ಸದ್ದು ಬರದಿದ್ದರೆ ನಾನು ಅದನ್ನು ಅಮ್ಮನ ಕೈಗೆ ಕೊಡುತ್ತಲೇ ಇರಲಿಲ್ಲ. ನೋಡು, ಏನೂ ಇಲ್ಲ ಎಂದು ದೂರದಿಂದಲೇ ಅಲ್ಲಾಡಿಸಿ ತೋರಿಸಿ ಒಳಗಿಡಿಸುತ್ತಿದ್ದೆ. ಅವಳು ನಂಬುತ್ತಿರಲಿಲ್ಲ, ನೀರೂ ಮುಟ್ಟುತ್ತಿರಲಿಲ್ಲ.

ಇಷ್ಟನ್ನು ಬರೆದು ಮನಸ್ಸು ಹಗುರ ಮಾಡಿಕೊಂಡಿದ್ದೇನೆ. ಓದುವವರು ನಂಬಲಿ ಬಿಡಲಿ, ನನಗೆ ಬೇಸರವಿಲ್ಲ. ಮಧುಗಿರಿಯವರು ಯಾರಾದರೂ ಓದಿ ನಮ್ಮ ಮನೆ ಯಾವುದು ಎಂದು ಗುರುತು ಹಿಡಿದರೆ, ದಯವಿಟ್ಟು ಬನ್ನಿ, ಕಾಫಿ ಕುಡಿಯಿರಿ, ಅಮ್ಮ ತಾನಾಗಿಯೇ ಖಾಲಿ ಕರಡಿಗೆಯ ಕಥೆ ಹೇಳುತ್ತಾಳೆ, ಪೂರ್ತಿ ಕೇಳಿ. ಅವಳ ಎಡಗಿವಿಗೆ ಬಗ್ಗಿ, ಅದು ಖಾಲಿ ಇರಲಿಲ್ಲವಂತೆ ಎಂದು ಮಾತ್ರ ಕೂಗಬೇಡಿ.